ನವಜಾತ ಪ್ರಾಣಿಗಳಲ್ಲಿ ರಕ್ತಜನಕ ಕೋಶಗಳ ಜೀನ್ ಚಿಕಿತ್ಸೆ

ರಕ್ತದ ಎಲ್ಲ ಬಗೆಯ ಕಣಗಳನ್ನೂ ಹುಟ್ಟಿಸುವ ಆಕರಕೋಶಗಳಿಗೆ, ಮರಿ ಹುಟ್ಟಿದ ಕೆಲವೇ ದಿನಗಳೊಳಗೆ, ದೋಷವಿಲ್ಲದ ಜೀನ್ ಸೇರಿಸುವ ಪ್ರಾಯೋಗಿಕ ಚಿಕಿತ್ಸೆ. ಗರ್ಭದಲ್ಲಿ ಈ ಕೋಶಗಳ ಮನೆ ಯಕೃತ್ತು. ಹುಟ್ಟುವ ಹೊತ್ತಿಗೆ ಅವು ಮೂಳೆಯೊಳಗಿನ ಮಜ್ಜೆಗೆ ಗುಳೆ ಹೊರಡುತ್ತವೆ. ದಾರಿಯಲ್ಲಿರುವಾಗ ರಕ್ತದಲ್ಲೇ ಕೈಗೆ ಸಿಗುತ್ತವೆ. ಮಜ್ಜೆ ಸೇರಿಕೊಂಡ ಮೇಲೆ ಅಲ್ಲಿಗೆ ಮದ್ದು ಮುಟ್ಟಿಸುವುದು ಕಷ್ಟ.

ಇಂಥ ಕೋಶಗಳಿವೆ ಎಂಬುದಕ್ಕೆ ಗಟ್ಟಿ ಪುರಾವೆ ದೊರೆತದ್ದು 1961ರಲ್ಲಿ, ಕೆನಡಾದ ಟಿಲ್ ಮತ್ತು ಮೆಕಲಕ್ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ. ಮನುಷ್ಯರಲ್ಲಿ, 1993ರಲ್ಲಿ ವೈದ್ಯ ಡೊನಾಲ್ಡ್ ಕೋನ್ ಮೂವರು ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದ ಕೋಶಗಳಿಗೆ ಜೀನ್ ಸೇರಿಸಿ ಮರಳಿ ಕೊಟ್ಟರು. ಫಲ ಅಲ್ಪ. ಪ್ಯಾರಿಸ್ಸಿನಲ್ಲಿ ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ ಮಕ್ಕಳು ಇಂಥದೇ ಜೀನ್ ಚಿಕಿತ್ಸೆಯಿಂದ ಚೇತರಿಸಿಕೊಂಡರಾದರೂ, ಜೀನ್ ಹೊತ್ತೊಯ್ದ ವೈರಸ್ ಕೋಶದ ಡಿಎನ್‌ಎಯ ತಪ್ಪು ಜಾಗದಲ್ಲಿ ನೆಲೆಯೂರಿ ಕೆಲವರಿಗೆ ರಕ್ತದ ಕ್ಯಾನ್ಸರ್ ಬಂತು. ಆಮೇಲೆ ಎಲ್ಲರೂ ಹೆಚ್ಚು ಸುರಕ್ಷಿತ ವೈರಸ್ ಹುಡುಕತೊಡಗಿದರು.

ಮಾಲೇಕಲ್ಲು ಬೆಟ್ಟದ ಸುತ್ತ, ಅರಸೀಕೆರೆ ಸೀಮೆಯಲ್ಲಿ, ಡೇರಿಗೆ ಹಾಲು ಹಾಕುವವರಿಗೆ ಎಚ್.ಎಫ್. (ಹಾಲ್‌ಸ್ಟೀನ್ ಫ್ರೀಸಿಯನ್) ಹಸು ಹೊಸದಲ್ಲ. ಜೀನ್ ದೋಷದಿಂದ ರಕ್ತಕಣಗಳು ಕೆಡುವ ಇಂಥದೇ ವಂಶಪಾರಂಪರ್ಯ ರೋಗವೊಂದು ಆ ತಳಿಯಲ್ಲೂ ಇದೆ: ಬ್ಲಾಡ್ (BLAD), ಅಂದರೆ ದನಗಳ ಬಿಳಿಕಣಗಳ ಅಂಟುವಿಕೆಯ ಕೊರತೆ. ಕರುವಿನ ಬಾಯಿ ತುಂಬ ಹುಣ್ಣು, ಬಿಡದ ಭೇದಿ, ನ್ಯುಮೋನಿಯಾ. ರಕ್ತ ಪರೀಕ್ಷಿಸಿದರೆ ಬಿಳಿಕಣಗಳು ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತವೆ. ಆದರೆ ಸಿಡಿ18 ಎಂಬ ಪ್ರೋಟೀನು ಕೆಟ್ಟಿರುವುದರಿಂದ ಅವು ರಕ್ತನಾಳದ ಗೋಡೆಗೆ ಅಂಟಿಕೊಳ್ಳಲಾರವು, ಗಾಯದತ್ತ ಹೊರಬೀಳಲಾರವು. ಜೀನಿನ ಒಂದೇ ಅಕ್ಷರ ತಪ್ಪಿರುವುದು 1992ರಲ್ಲಿ ಪತ್ತೆಯಾಯಿತು. ಮೂಲ ಹುಡುಕಿದರೆ ಸಿಕ್ಕಿದ್ದು 1952ರಲ್ಲಿ ಹುಟ್ಟಿದ ಆಸ್ಬೋರ್ನ್‌ಡೇಲ್ ಐವನ್‌ಹೋ ಎಂಬ ಅಮೆರಿಕದ ಹೋರಿ. ಶೀತಲೀಕೃತ ವೀರ್ಯದ ಕಾಲದಲ್ಲಿ ಒಂದು ಹೋರಿಯ ದೋಷ ಎಷ್ಟು ದೇಶ ಸುತ್ತೀತು! ಕರುವಿಗೆ ಜೀನ್ ಚಿಕಿತ್ಸೆ ಕೊಡುವ ಗೋಜಿಗೆ ಹೋಗಬೇಕಿಲ್ಲ. ಭಾರತದ ವೀರ್ಯ ಕೇಂದ್ರಗಳಲ್ಲಿ ಹೋರಿಗಳನ್ನೇ ಈ ದೋಷಕ್ಕಾಗಿ ಪರೀಕ್ಷಿಸುವ ನಿಯಮವಿದೆ.

ಇದೇ ಜೀನ್ ಕೆಟ್ಟ ಐರಿಷ್ ಸೆಟರ್ ನಾಯಿಗಳಿಗೆ ಮಾತ್ರ ಚಿಕಿತ್ಸೆಯ ಯೋಗ ಬಂತು. ಸಂಶೋಧಕರಾದ ಬಾವರ್ ಮತ್ತು ಹಿಕ್‌ಸ್ಟೈನ್ 2008ರಲ್ಲಿ, ಜೀನ್ ಹೊರಲು ಫೋಮಿ ಎಂಬ ವೈರಸ್ ಬಳಸಿ, ಐದರಲ್ಲಿ ನಾಲ್ಕು ನಾಯಿಗಳನ್ನು ಗುಣಪಡಿಸಿದ್ದನ್ನು ವರದಿ ಮಾಡಿದರು. ಕೋಶಗಳನ್ನು ಹೊರತೆಗೆದು, ತಿದ್ದಿ, ಮರಳಿಸುವ ವಿಧಾನ ಅದು. 2014ರಲ್ಲಿ ಸಿಯಾಟಲ್‌ನ ಕೀಮ್ ತಂಡ ಆ ಸುತ್ತುದಾರಿಯನ್ನೇ ಬಿಟ್ಟಿತು: ರೋಗನಿರೋಧಕ ಶಕ್ತಿಯಿಲ್ಲದ ನವಜಾತ ನಾಯಿಮರಿಗಳ ರಕ್ತನಾಳಕ್ಕೆ ಫೋಮಿ ವೈರಸ್ಸನ್ನು ನೇರವಾಗಿ ಚುಚ್ಚಿತು.

ಭಾರತದಲ್ಲಿ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾದ ವೆಲ್ಲೂರಿನ ಆಕರಕೋಶ ಕೇಂದ್ರವೂ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜೂ ಕುಸುಮರೋಗದ (ಹಿಮೊಫಿಲಿಯಾ) ಐವರ ರಕ್ತದ ಆಕರಕೋಶಗಳಿಗೆ ಕೊಟ್ಟ ಜೀನ್ ಚಿಕಿತ್ಸೆ 2024ರಲ್ಲಿ ವರದಿಯಾಯಿತು. ರಕ್ತಸ್ರಾವ ನಿಂತಿತ್ತು. ಸೇರಿಸಿದ ಜೀನಿನಲ್ಲಿ ಹಂದಿಯ ಪಾಲೂ ಇತ್ತು! ರೋಗಿಗಳು ವಯಸ್ಕರು, ಮಜ್ಜೆಯಲ್ಲಿ ಜಾಗ ತೆರವು ಮಾಡಲು ಮೊದಲು ಕೀಮೋಥೆರಪಿ ಕೊಡಲೇಬೇಕಾಯಿತು.

ಕೀಮೋ ತಪ್ಪಿಸುವ ಹಾದಿಯನ್ನು 2025ರಲ್ಲಿ ಮಿಲಾನಿನ ನಾಲ್ಡಿನಿ ತಂಡ ತೋರಿಸಿತು. ಒಂದು-ಒಂದೂವರೆ ಗ್ರಾಂ ತೂಗುವ ನವಜಾತ ಇಲಿಮರಿಯ ರಕ್ತಕ್ಕೆ ಜೀನ್ ಹೊತ್ತ ಲೆಂಟಿವೈರಸ್ ಚುಚ್ಚಿದರೆ, ಗುಳೆ ಹೊರಟ ಕೋಶಗಳು ಅದನ್ನು ಹೊತ್ತು ಮಜ್ಜೆ ಸೇರುತ್ತಿದ್ದವು. ಹಾಗೆ ತಿದ್ದಿಕೊಂಡವು ಕೆಲವೇ. ಫ್ಯಾಂಕೋನಿ ರಕ್ತಹೀನತೆ ಎಂಬ ವಂಶಪಾರಂಪರ್ಯ ರೋಗದ ಇಲಿಗಳಲ್ಲಿ ಅಷ್ಟೇ ಸಾಕಾಯಿತು. ಗುಣವಾದ ಕೋಶಗಳು ರೋಗಿಷ್ಠ ಕೋಶಗಳಿಗಿಂತ ಬಲವಾಗಿದ್ದುದರಿಂದ ದಿನ ಕಳೆದಂತೆ ಮಜ್ಜೆಯನ್ನು ಅವೇ ತುಂಬಿಕೊಂಡವು.