ಗೇರ್‌ಪೆಟ್ಟಿಗೆಯ ಕೆಂಪೆಣ್ಣೆ

ಯಶವಂತಪುರದ ಕಡೆಯ ಲಾರಿ ಗ್ಯಾರೇಜುಗಳಲ್ಲಿ ‘ಸ್ಟೇರಿಂಗ್ ಆಯಿಲ್’ ಎಂದು ಕೇಳಿದರೆ ಕೆಂಪು ಬಣ್ಣದ ತೆಳುವಾದ ಎಣ್ಣೆಯ ಡಬ್ಬಿಯೊಂದನ್ನು ಮುಂದಿಡುತ್ತಾರೆ. ಡಬ್ಬಿಯನ್ನು ತಿರುಗಿಸಿ ನೋಡಿದರೆ ಬಹುಮಟ್ಟಿಗೆ ‘ಎಟಿಎಫ್’ ಎಂದು ಅಚ್ಚಾಗಿರುತ್ತದೆ. ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಎಂಬುದರ ಹ್ರಸ್ವರೂಪವದು. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಪೆಟ್ಟಿಗೆಗಾಗಿ ಹುಟ್ಟಿದ ಎಣ್ಣೆ, ಅಂತಹ ಕಾರುಗಳು ನಮ್ಮ ಜನಸಾಮಾನ್ಯರ ಕೈಗೆಟುಕುವ ಮುಂಚೆಯೇ ಪವರ್ ಸ್ಟೇರಿಂಗಿನ ದಾರಿಯಲ್ಲಿ ನಮ್ಮೂರಿಗೆ ಬಂದು ನೆಲೆಸಿತು. ಹೀಗಾಗಿ ‘ಕೆಂಪೆಣ್ಣೆ’ ಎಂದರೆ ಒಂದೇ ವಸ್ತುವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದು ಎಷ್ಟು ದುಬಾರಿಯ ನಂಬಿಕೆ ಎಂಬುದನ್ನು ನಮ್ಮ ಮನೆಯವರೇ ಒಬ್ಬರು ಅನುಭವಿಸಿದ್ದಾರೆ.

ಆರ್.ಟಿ. ನಗರದಲ್ಲಿರುವ ನನ್ನ ಸೋದರಳಿಯ ಸಿವಿಟಿ ಗೇರಿನ ಹಳೆಯ ಕಾರೊಂದನ್ನು ಕೊಂಡಿದ್ದನು. ಎಣ್ಣೆ ಬದಲಿಸಲೆಂದು ಹತ್ತಿರದ ಒಂದು ಗ್ಯಾರೇಜಿಗೆ ಒಪ್ಪಿಸಿದನು. ಅವರು ತಮ್ಮಲ್ಲಿದ್ದ ಕೆಂಪೆಣ್ಣೆಯನ್ನೇ ತುಂಬಿದರು. ಕೆಲವೇ ತಿಂಗಳಲ್ಲಿ, ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ ಇಂಜಿನು ಕೂಗುವುದು, ಕಾರು ಮಾತ್ರ ಮುಂದಕ್ಕೆ ಹೋಗದಿರುವುದು ಆರಂಭವಾಯಿತು. ಕೊನೆಗೆ ಪೆಟ್ಟಿಗೆಯನ್ನೇ ಬದಲಿಸಬೇಕಾಗಿ ಬಂದು ಒಂದು ಲಕ್ಷಕ್ಕೂ ಮಿಕ್ಕ ಖರ್ಚು ತಗುಲಿತು. “ಮಾವ, ಎಣ್ಣೆ ಕೆಂಪಗೇ ಇತ್ತಲ್ಲ?” ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸ್ವಲ್ಪ ಚರಿತ್ರೆಯನ್ನೇ ಹೇಳಬೇಕಾಗುತ್ತದೆ.

ಒಂದು ಕಾಲದಲ್ಲಿ ಎಣ್ಣೆಯ ಆಯ್ಕೆ ಬಲು ಸರಳವಾಗಿತ್ತು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿದ ಕೀಲೆಣ್ಣೆಯನ್ನು ಬಳಿಯುತ್ತಿದ್ದರು. ಅದೇ ಹರಳೆಣ್ಣೆಯನ್ನು ಮೊದಲನೆಯ ಮಹಾಯುದ್ಧದ ವಿಮಾನಗಳ ಇಂಜಿನುಗಳಿಗೂ ಹಾಕುತ್ತಿದ್ದರು. 1909ರಲ್ಲಿ ವೇಕ್‌ಫೀಲ್ಡ್ ಕಂಪನಿಯು ತನ್ನ ಎಣ್ಣೆಗೆ ಇಟ್ಟ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಬಂದುದು. ಉಜ್ಜಾಟವನ್ನು ತಗ್ಗಿಸುವುದೊಂದೇ ಆಗ ಎಣ್ಣೆಯ ಕೆಲಸ.

ದ್ರವದ ಮೂಲಕವೇ ಶಕ್ತಿಯನ್ನು ಸಾಗಿಸಬಹುದೆಂದು ತೋರಿಸಿದವನು ಜರ್ಮನಿಯ ಹರ್ಮನ್ ಫೋಟಿಂಗರ್. ಅವನು 1905ರಲ್ಲಿ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಓಡಿಸಿದರೆ ಅದರ ಗಾಳಿಗೆ ಮತ್ತೊಂದೂ ತಿರುಗುತ್ತದೆಯಲ್ಲವೆ? ಗಾಳಿಯ ಬದಲು ಎಣ್ಣೆಯನ್ನು ಭಾವಿಸಿಕೊಳ್ಳಿ. ಈ ತತ್ತ್ವವನ್ನು ಬಳಸಿಕೊಂಡು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1939ರಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಗೇರ್‌ಪೆಟ್ಟಿಗೆಯನ್ನು ಓಲ್ಡ್ಸ್‌ಮೊಬಿಲ್ ಕಾರಿನಲ್ಲಿ ಹೊರತಂದಿತು. ಎರಡನೆಯ ಮಹಾಯುದ್ಧದಲ್ಲಿ ಅದು ಎಂ5 ಸ್ಟುವರ್ಟ್ ಟ್ಯಾಂಕಿನೊಳಗೂ ಕುಳಿತಿತು.

ಇಲ್ಲಿಂದ ಎಣ್ಣೆಯ ಹೊಣೆ ಹೆಚ್ಚಿತು. ಅದು ಇಂಜಿನಿನ ಬಲವನ್ನು ಸಾಗಿಸಬೇಕು; ಒತ್ತಡದಿಂದ ಕ್ಲಚ್ ತಟ್ಟೆಗಳನ್ನು ಅದುಮಬೇಕು; ಹಲ್ಲುಗಳು ಸವೆಯದಂತೆ ಕಾಯಬೇಕು; ಒಳಗಿನ ಶಾಖವನ್ನು ಹೊರಕ್ಕೊಯ್ಯಬೇಕು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ ಇನ್ನೊಂದುಂಟು. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ತಟ್ಟೆಗಳು ಒಂದನ್ನೊಂದು ಹಿಡಿಯುವಾಗ ಜಾರಲೂಬಾರದು, ಥಟ್ಟನೆ ಕಚ್ಚಲೂಬಾರದು. ಜಾರಿದರೆ ತಟ್ಟೆ ಸುಡುತ್ತದೆ, ಕಚ್ಚಿದರೆ ಬಂಡಿ ಅದುರುತ್ತದೆ. ಒಂಬತ್ತನೆಯ ತರಗತಿಯಲ್ಲಿ ಸ್ಥಾಯಿ ಘರ್ಷಣೆ, ಚಲನ ಘರ್ಷಣೆ ಎಂದು ಬಾಯಿಪಾಠ ಮಾಡಿದವರು ನೆನಪಿಸಿಕೊಳ್ಳಬಹುದು. ಅವೆರಡರ ನಡುವಣ ಅಂತರವನ್ನು ಹದಗೊಳಿಸುವುದೇ ಈ ದ್ರವದ ರಹಸ್ಯ.

ಆ ಹದವನ್ನು ಕೊಟ್ಟದ್ದು ತಿಮಿಂಗಿಲ. ಸ್ಪರ್ಮ್ ತಿಮಿಂಗಿಲದ ದೊಡ್ಡ ತಲೆಯಲ್ಲಿ ತುಂಬಿರುವುದು ನಾವು ಅಡುಗೆಗೆ ಬಳಸುವಂತಹ ಎಣ್ಣೆಯಲ್ಲ. ರಸಾಯನಶಾಸ್ತ್ರದ ಪ್ರಕಾರ ಅದು ದ್ರವರೂಪದ ಮೇಣ. ಅದರಿಂದ ತಯಾರಿಸಿದ ಪದಾರ್ಥಗಳನ್ನು ಎಣ್ಣೆಗೆ ಬೆರೆಸಿದರೆ ಅವುಗಳ ಅಣುಗಳು ಒಂದು ತುದಿಯಿಂದ ಲೋಹವನ್ನು ಹಿಡಿದು, ಹೊಲದಲ್ಲಿ ಒತ್ತಾಗಿ ಬೆಳೆದ ರಾಗಿಯ ಪೈರಿನಂತೆ ನಿಲ್ಲುತ್ತವೆ. ಎದುರಿನ ತಟ್ಟೆ ಆ ಪೈರಿನ ಮೇಲೆ ಮೆಲ್ಲಗೆ ಕೂರುತ್ತದೆ. ಜನರಲ್ ಮೋಟಾರ್ಸ್ 1949ರಲ್ಲಿ ‘ಟೈಪ್ ಎ’, 1957ರಲ್ಲಿ ‘ಟೈಪ್ ಎ ಸಫಿಕ್ಸ್ ಎ’, 1967ರಲ್ಲಿ ‘ಡೆಕ್ಸ್‌ರಾನ್’ ಎಂಬ ಗುಣಮಾನಗಳನ್ನು ಗೊತ್ತುಪಡಿಸಿತು. ಆ ಕಾಲದ ದ್ರವಗಳಲ್ಲಿ ತಿಮಿಂಗಿಲದೆಣ್ಣೆಯದೇ ಮುಖ್ಯ ಪಾತ್ರ. ಊರಿನ ರಸ್ತೆಯ ಮೇಲೆ ನುಣ್ಣಗೆ ಓಡುವ ಕಾರಿಗಾಗಿ ಸಾಗರದ ನಡುವೆ ಪ್ರಾಣಿಯೊಂದು ಈಟಿಗೆ ಗುರಿಯಾಗುತ್ತಿತ್ತೆಂಬುದನ್ನು ನೆನೆದರೆ ನನಗೆ ಇಂದಿಗೂ ಮನಸ್ಸು ಮುದುಡುತ್ತದೆ.

1970ರಲ್ಲಿ ಅಮೆರಿಕ ಸರಕಾರವು ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿ ಅದರ ಎಣ್ಣೆಯ ಆಮದನ್ನು ನಿಷೇಧಿಸಿತು. ಎಣ್ಣೆ ತಯಾರಕರು ಬದಲಿಗಾಗಿ ಪರದಾಡಿದರು. ಹೊಸದಾಗಿ ಬಂದ ‘ಡೆಕ್ಸ್‌ರಾನ್ 2’ ದ್ರವದ ಮೊದಲ ಆವೃತ್ತಿಯು ದ್ರವವನ್ನು ತಂಪುಗೊಳಿಸುವ ಕೂಲರಿನ ಬೆಸುಗೆಯನ್ನೇ ತಿನ್ನತೊಡಗಿತು. ತುಕ್ಕುನಿರೋಧಕವನ್ನು ಸೇರಿಸಿ ಅದನ್ನು ತಿದ್ದಬೇಕಾಯಿತು. ಹೊಹೊಬಾ ಎಂಬ ಮರುಭೂಮಿಯ ಗಿಡದ ಬೀಜದಲ್ಲಿಯೂ ತಿಮಿಂಗಿಲದಲ್ಲಿರುವಂತಹ ದ್ರವಮೇಣವೇ ಇದೆಯೆಂದು ತಿಳಿದಾಗ ಅದರ ಬೇಸಾಯಕ್ಕೆ ಜಗತ್ತಿನ ಹಲವೆಡೆ ಉತ್ಸಾಹ ಮೂಡಿತು. ನಮ್ಮ ರಾಜಸ್ಥಾನದಲ್ಲಿಯೂ ಅದನ್ನು ಬೆಳೆಸಿದ್ದಾರೆ.

ಇದೇ ಕಾಲದಲ್ಲಿ ಫೋರ್ಡ್ ಕಂಪನಿಯು ಮತ್ತೊಂದೇ ದಾರಿ ಹಿಡಿದಿತ್ತು. ಅದರ ‘ಟೈಪ್ ಎಫ್’ ದ್ರವದಲ್ಲಿ ಘರ್ಷಣೆಯನ್ನು ಮೃದುಗೊಳಿಸುವ ಆ ಪದಾರ್ಥವೇ ಇರಲಿಲ್ಲ. ತಟ್ಟೆಗಳು ಬಿಗಿಯಾಗಿ ಹಿಡಿಯಬೇಕೆಂಬುದು ಅವರ ವಿನ್ಯಾಸ. ಫೋರ್ಡಿನ ಪೆಟ್ಟಿಗೆಗೆ ಡೆಕ್ಸ್‌ರಾನ್ ಹಾಕಿದರೆ ಕ್ಲಚ್ ಜಾರುವುದು; ಡೆಕ್ಸ್‌ರಾನಿನ ಪೆಟ್ಟಿಗೆಗೆ ಟೈಪ್ ಎಫ್ ಹಾಕಿದರೆ ಗೇರು ಒದ್ದಂತೆ ಬೀಳುವುದು. ಎರಡೂ ಉತ್ತಮ ಎಣ್ಣೆಗಳೇ, ಬಣ್ಣವೂ ಎರಡರದು ಕೆಂಪೇ. ಆ ಬಣ್ಣವನ್ನು ಬೆರೆಸಿದ್ದು ನೆಲದ ಮೇಲೆ ತೊಟ್ಟಿಕ್ಕಿದ್ದು ಇಂಜಿನ್ ಆಯಿಲೋ ಗೇರ್‌ಪೆಟ್ಟಿಗೆಯದೋ ಎಂದು ಗುರುತಿಸಲಿಕ್ಕೆ. ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಈಗ ಕೆಲವು ಸಿವಿಟಿ ದ್ರವಗಳು ಹಸಿರಾಗಿಯೂ ಇವೆ.

ಬೆಂಗಳೂರಿನ ಜನಸಾಮಾನ್ಯರಿಗೆ ಆಟೋಮ್ಯಾಟಿಕ್ ಗೇರಿನ ಸುಖ ಪರಿಚಯವಾದದ್ದು ಕಾರಿಗಿಂತ ಹೆಚ್ಚಾಗಿ ಬಸ್ಸಿನಲ್ಲಿ ಎಂದು ನಾನು ಭಾವಿಸುತ್ತೇನೆ. ಬಿಎಂಟಿಸಿಯ ವೋಲ್ವೋ ಬಸ್ಸುಗಳು 2006ರಲ್ಲಿ ರಸ್ತೆಗಿಳಿದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳ, ಯಲಹಂಕಗಳ ಮೂಲಕ ವಾಯುವಜ್ರ ಓಡಿತು. ಅಲ್ಲಿಯವರೆಗೆ ಚಾಲಕರು ಎಡಗಾಲು ಚಾಚಿ ಚಾಚಿ ಕ್ಲಚ್ ಒತ್ತುತ್ತಿದ್ದುದನ್ನು ಕಂಡಿದ್ದ ನಮಗೆ ಅದೊಂದು ಸೋಜಿಗ. ನಿಂತು ನಿಂತು ಸಾಗುವ ದಟ್ಟಣೆಯಲ್ಲಿ ಚಾಲಕನ ಕಾಲಿಗೆ ತಪ್ಪಿದ ಶ್ರಮ ಎಣ್ಣೆಯ ಪಾಲಿಗೆ ಬರುತ್ತದೆ. ಟಾರ್ಕ್ ಕನ್ವರ್ಟರಿನೊಳಗೆ ದ್ರವ ಜಾರಿದಷ್ಟೂ ಶಕ್ತಿ ಶಾಖವಾಗುತ್ತದೆ, ಶಾಖ ಏರಿದಷ್ಟೂ ಎಣ್ಣೆ ಬೇಗ ಕೆಡುತ್ತದೆ.

ಕಾರುಗಳ ವಿಷಯದಲ್ಲಿ ನಮ್ಮ ದೇಶದ ಗೊಂದಲವೇ ಬೇರೆ. ‘ಆಟೋಮ್ಯಾಟಿಕ್’ ಎಂಬ ಒಂದೇ ಹೆಸರಿನಡಿ ಇಲ್ಲಿ ನಾಲ್ಕು ಬಗೆಯ ಪೆಟ್ಟಿಗೆಗಳಿವೆ. ಟಾರ್ಕ್ ಕನ್ವರ್ಟರಿನದು ಹಳೆಯದು. 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನೊಡನೆ ಬಂದ ಎಎಂಟಿಯು ವಾಸ್ತವವಾಗಿ ಸಾಧಾರಣ ಕೈಗೇರಿನ ಪೆಟ್ಟಿಗೆಯೇ. ಕ್ಲಚ್ ಒತ್ತುವ ಕೆಲಸವನ್ನು ಯಂತ್ರ ಮಾಡುತ್ತದೆ. ಆದುದರಿಂದ ಅದರ ಗೇರುಗಳಿಗೆ ಬೇಕಾದದ್ದು ಗೇರ್ ಆಯಿಲ್, ಎಟಿಎಫ್ ಅಲ್ಲ. ಎರಡು ಕ್ಲಚ್ಚಿನ ಡಿಸಿಟಿಯದು ಮತ್ತೊಂದು ಲೆಕ್ಕ. ಸಿವಿಟಿಯಲ್ಲಂತೂ ಉಕ್ಕಿನ ಪಟ್ಟಿಯೊಂದು ಎರಡು ರಾಟೆಗಳ ನಡುವೆ ಓಡುತ್ತದೆ. ಅಲ್ಲಿ ಉಕ್ಕು ಉಕ್ಕನ್ನು ಬಿಗಿಯಾಗಿ ಹಿಡಿಯಬೇಕು. ಸಾಮಾನ್ಯ ಎಟಿಎಫ್ ಆ ಹಿಡಿತಕ್ಕಾಗಿ ಸಿದ್ಧಪಡಿಸಿದ ದ್ರವವಲ್ಲ. ಪಟ್ಟಿ ಜಾರಿ ರಾಟೆಯ ಮುಖ ಕೆರೆದುಹೋಗುತ್ತದೆ. ನನ್ನ ಸೋದರಳಿಯನ ಕಾರಿಗೆ ಆದದ್ದು ಇದೇ.

ಕಾರಿನ ಹೆಸರನ್ನು ನಂಬಿಯೂ ಎಣ್ಣೆ ಕೊಳ್ಳುವಂತಿಲ್ಲ. ಹೋಂಡಾ ಸಿಟಿಯನ್ನೇ ನೋಡಿ. 2003ರಲ್ಲಿ ಬಂದ ಪೀಳಿಗೆಯಲ್ಲಿ ಸಿವಿಟಿ ಇತ್ತು. 2008ರ ಪೀಳಿಗೆಗೆ ಐದು ಗೇರಿನ ಟಾರ್ಕ್ ಕನ್ವರ್ಟರ್ ಬಂದಿತು. 2014ರಲ್ಲಿ ಮತ್ತೆ ಸಿವಿಟಿ. ಹಳೆಯ ಕಾರು ಕೊಳ್ಳುವವರು ತಯಾರಿಕೆಯ ವರ್ಷವನ್ನು ನೋಡಲೇಬೇಕು. ಬಿಡದಿಯಲ್ಲಿ ತಯಾರಾಗಿ 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್ ಮಾದರಿ ಬೇಡುವುದು ಟೊಯೋಟಾದ ‘ಡಬ್ಲ್ಯೂಎಸ್’ ಎಂಬ ತೆಳು ದ್ರವವನ್ನು.

ನಮ್ಮ ಅಂಗಡಿಗಳಲ್ಲಿ ಇನ್ನೂ ಧಾರಾಳವಾಗಿ ಸಿಗುವ ಡಬ್ಬಿಗಳ ಮೇಲೆ ‘ಡೆಕ್ಸ್‌ರಾನ್ 3’ ಎಂದಿರುತ್ತದೆ. 1993ರಲ್ಲಿ ಬಂದ ಆ ಗುಣಮಾನಕ್ಕೆ ಪರವಾನಗಿ ಕೊಡುವುದನ್ನು ಜನರಲ್ ಮೋಟಾರ್ಸ್ 2006ರ ಕೊನೆಗೇ ನಿಲ್ಲಿಸಿತು. ಈಗ ಆ ಮಾತಿಗೆ ಡಬ್ಬಿ ತುಂಬಿದವನೇ ಹೊಣೆ. 2005ರಲ್ಲಿ ಬಂದ ‘ಡೆಕ್ಸ್‌ರಾನ್ 6’ ಅದಕ್ಕಿಂತ ತೆಳು: 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಳೆಯದರ ಸ್ನಿಗ್ಧತೆ ಸುಮಾರು 7ರಿಂದ 7.5 ಸೆಂಟಿಸ್ಟೋಕ್ಸ್ ಇದ್ದರೆ ಹೊಸದರದು 6.4ನ್ನು ಮೀರುವಂತಿಲ್ಲ. ಹಳೆಯ ಡೆಕ್ಸ್‌ರಾನ್ ಬೇಡುವ ಜನರಲ್ ಮೋಟಾರ್ಸ್ ಪೆಟ್ಟಿಗೆಗಳಿಗೆ ಅದನ್ನು ಹಾಕಬಹುದೆಂದು ತಯಾರಕರೇ ಹೇಳುತ್ತಾರೆ. ಬೇರೆ ಕಂಪನಿಗಳ ಪೆಟ್ಟಿಗೆಗಳಿಗೆ ಆ ಮಾತು ಅನ್ವಯಿಸದು. ‘ಎಲ್ಲ ವಾಹನಗಳಿಗೂ’ ಎಂದು ಬರೆದ ಡಬ್ಬಿಯನ್ನು ಕಂಡರೆ ನನಗೆ ಸಂತೆಯಲ್ಲಿ ಮಾರುವ ಸರ್ವರೋಗ ನಿವಾರಕ ತೈಲದ ನೆನಪಾಗುತ್ತದೆ.

ಸೋದರಳಿಯನಿಗೆ ನಾನು ಹೇಳಿದ್ದಿಷ್ಟು. ಕಾರಿನೊಡನೆ ಬಂದ ಕೈಪಿಡಿಯಲ್ಲಿ ದ್ರವದ ಹೆಸರನ್ನು ಅಕ್ಷರಶಃ ಬರೆದಿರುತ್ತಾರೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಡಬ್ಬಿಯ ಮೇಲೂ ಅದೇ ಅಕ್ಷರಗಳಿವೆಯೇ ಎಂದು ನೋಡಿ, ತನ್ನ ಎದುರಿಗೇ ಮುಚ್ಚಳ ತೆಗೆಸಬೇಕು. ಈಚಿನ ಅನೇಕ ಪೆಟ್ಟಿಗೆಗಳಲ್ಲಿ ಮಟ್ಟ ನೋಡುವ ಕಡ್ಡಿಯೇ ಇರುವುದಿಲ್ಲ. ಇಂಜಿನು ಓಡುತ್ತಿರುವಾಗ ದ್ರವವು ನಿಗದಿತ ಶಾಖಕ್ಕೆ ಬಂದಮೇಲೆಯೇ ಮಟ್ಟವನ್ನು ಅಳೆಯಬೇಕು. ಆ ಉಪಕರಣ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸದಿರುವುದು ಲೇಸು. ಹಳೆಯ ಎಣ್ಣೆಯನ್ನು ಒಂದು ಬಿಳಿಯ ಕಾಗದದ ಮೇಲೆ ತೊಟ್ಟಿಕ್ಕಿಸಿ ನೋಡಬೇಕು. ಕಂದಾಗಿ ಸುಟ್ಟ ವಾಸನೆ ಬಂದರೆ ತಟ್ಟೆಗಳು ಸುಟ್ಟಿವೆಯೆಂದು ಅರ್ಥ. ಅಂತಹ ಪೆಟ್ಟಿಗೆಗೆ ಎಣ್ಣೆಯನ್ನಷ್ಟೇ ಬದಲಿಸಿ ಪ್ರಯೋಜನವಿಲ್ಲ, ಬಿಚ್ಚಿಯೇ ನೋಡಬೇಕು.