ವೇಗದ ಬೆರಳಚ್ಚಿಗೆ ತಕ್ಕ ಉದ್ಯೋಗ

ಕೋಠಿಯ ಹಳೆಯ ಪುಸ್ತಕದಂಗಡಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳನ್ನು ಅರಸುವ ನಮ್ಮ ಮಕ್ಕಳಲ್ಲಿ ಬೆರಳಚ್ಚಿನ ವೇಗವುಳ್ಳವರು ಅನೇಕರು. ಆದರೆ ಆ ವೇಗವೊಂದರಿಂದಲೇ ಉದ್ಯೋಗ ದೊರೆಯುತ್ತಿದ್ದ ಕಾಲ ಕಳೆಯಿತು. ನಮ್ಮ ಬ್ಯಾಂಕುಗಳ ಗುಮಾಸ್ತರ ಆಯ್ಕೆಯಲ್ಲಿ ಈಗ ಬೆರಳಚ್ಚಿನ ಪರೀಕ್ಷೆಯೇ ಇಲ್ಲ.

ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗದ ಸಿ.ಎಚ್.ಎಸ್.ಎಲ್. ಪರೀಕ್ಷೆಯಲ್ಲಿ ಕೆಳದರ್ಜೆ ಗುಮಾಸ್ತ ಹುದ್ದೆಗೆ ಇಂಗ್ಲಿಷಿನಲ್ಲಿ ನಿಮಿಷಕ್ಕೆ 35 ಪದ, ಎಂದರೆ ಗಂಟೆಗೆ 10,500 ಕೀಲಿಯೊತ್ತುಗಳ ವೇಗ ಬೇಕು. ಇದು ಅರ್ಹತೆಗಷ್ಟೇ, 60 ಪದ ಅಚ್ಚಿಸುವವರಿಗೂ ಹೆಚ್ಚಿನ ಅಂಕವಿಲ್ಲ. ಶ್ರೇಯಾಂಕವನ್ನು ನಿರ್ಧರಿಸುವುದು ಗಣಿತ, ಸಾಮಾನ್ಯ ಜ್ಞಾನ ಮೊದಲಾದ ವಿಷಯಗಳ ಪರೀಕ್ಷೆ. ಶೀಘ್ರಲಿಪಿಯೂ ಜೊತೆಗಿದ್ದರೆ ಬೆಲೆ ಹೆಚ್ಚು: ಅದೇ ಆಯೋಗದ ಸ್ಟೆನೋಗ್ರಾಫರ್ ‘ಡಿ’ ದರ್ಜೆಗೆ ನಿಮಿಷಕ್ಕೆ 80 ಪದ, ‘ಸಿ’ ದರ್ಜೆಗೆ 100 ಪದಗಳ ಉಕ್ತಲೇಖನವಿರುತ್ತದೆ. ಮನೆಯಲ್ಲೇ ಡಾಟಾ ಎಂಟ್ರಿ ಕೊಡಿಸುವೆವೆಂದು ಮುಂಗಡ ಹಣ ಕೇಳುವವರನ್ನಂತೂ ದೂರವಿಡಬೇಕು.

ಕನ್ನಡ ಬಲ್ಲವರಿಗೆ ಇನ್ನೊಂದು ದಾರಿಯುಂಟು. ಕರ್ನಾಟಕದ ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರ ಹುದ್ದೆಗಳಿಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರೌಢ ದರ್ಜೆಯ ತೇರ್ಗಡೆ ಕೇಳುತ್ತಾರೆ. ಮನೆಯಲ್ಲಿ ಕನ್ನಡ ಮಾತನಾಡಿಯೂ ಬರೆಯಲಾರದ ನಮ್ಮ ಮಕ್ಕಳು ಹಿಂದುಳಿಯುವುದು ಇಲ್ಲಿಯೇ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಉಚ್ಚಾರಾನುಸಾರಿಯಾದುದರಿಂದ ಇಂಗ್ಲಿಷ್ ಕೀಲಿಗಳಲ್ಲಿ ಪಳಗಿದ ಬೆರಳುಗಳಿಗೆ ಅದು ಬೇಗ ಒಗ್ಗುತ್ತದೆ. ಒತ್ತಕ್ಷರ, ದೀರ್ಘಗಳ ಅರಿವು ಮಾತ್ರ ಮೊದಲೇ ಇರಬೇಕು.