ಹಂದಿಯ ಮೇದೋಜೀರಕ ಕಿರುದ್ವೀಪಗಳ ಕಸಿ

ಮೇದೋಜೀರಕ ಗ್ರಂಥಿಯಲ್ಲಿ ಚದುರಿಕೊಂಡಿರುವ ಕಿರುದ್ವೀಪಗಳೆಂಬ ಕೋಶಗುಚ್ಛಗಳನ್ನು ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ 1869ರಲ್ಲಿ ವಿವರಿಸಿದ. ಇವುಗಳಲ್ಲಿನ ಬೀಟಾ ಕೋಶಗಳೇ ಇನ್ಸುಲಿನ್ ಸ್ರವಿಸುವುದು. ಟೈಪ್ 1 ಮಧುಮೇಹದಲ್ಲಿ ರೋಗಿಯ ರೋಗನಿರೋಧಕ ವ್ಯವಸ್ಥೆಯೇ ಅವನ್ನು ನಾಶಮಾಡುತ್ತದೆ. ಮಾನವ ದಾನಿಗಳ ಅಂಗಗಳು ಸಾಲದಿರುವುದರಿಂದ ಸಂಶೋಧಕರ ಗಮನ ಹಂದಿಯತ್ತ ಹರಿಯಿತು. ಹಂದಿಯ ಇನ್ಸುಲಿನ್‌ಗೂ ಮನುಷ್ಯನ ಇನ್ಸುಲಿನ್‌ಗೂ ಇರುವುದು ಒಂದೇ ಅಮೈನೊ ಆಮ್ಲದ ವ್ಯತ್ಯಾಸ. ದಶಕಗಳ ಕಾಲ ಅನೇಕ ರೋಗಿಗಳು ಚುಚ್ಚಿಸಿಕೊಂಡದ್ದೂ ಹಂದಿಯ ಇನ್ಸುಲಿನ್ನನ್ನೇ.

ಹಂದಿಯ ವಯಸ್ಸು ಇಲ್ಲಿ ಬಹುಮುಖ್ಯ. ಬೆಳೆದ ಹಂದಿಯ ಕಿರುದ್ವೀಪಗಳು ಕೂಡಲೇ ಕೆಲಸಕ್ಕೆ ಬರುತ್ತವೆ, ಆದರೆ ಕಿಣ್ವ ಹಾಕಿ ಬೇರ್ಪಡಿಸುವಾಗ ಸುಲಭವಾಗಿ ಒಡೆದುಹೋಗುತ್ತವೆ. ಭ್ರೂಣದ ಮತ್ತು ಆಗತಾನೇ ಹುಟ್ಟಿದ ಮರಿಯ ಕೋಶಗಳು ತಾಳಿಕೆಯುಳ್ಳವು. ಕಸಿಯ ನಂತರವೂ ಬೆಳೆಯುತ್ತವೆ. ಆದರೆ ಸಕ್ಕರೆಗೆ ಸರಿಯಾಗಿ ಸ್ಪಂದಿಸುವಷ್ಟು ಪಕ್ವವಾಗಲು ವಾರಗಳು, ತಿಂಗಳುಗಳೇ ಬೇಕು.

ಸ್ವೀಡನ್ನಿನ ಕಾರ್ಲ್ ಗ್ರೋತ್ ತಂಡ ಹತ್ತು ರೋಗಿಗಳಿಗೆ ಹಂದಿ ಭ್ರೂಣದ ಕೋಶಗುಚ್ಛಗಳನ್ನು ಕಸಿ ಮಾಡಿ 1994ರಲ್ಲಿ ಫಲಿತಾಂಶ ಪ್ರಕಟಿಸಿತು. ನಾಲ್ವರ ಮೂತ್ರದಲ್ಲಿ, ಇನ್ಸುಲಿನ್ ಜೊತೆಗೇ ಉತ್ಪತ್ತಿಯಾಗುವ ಸಿ-ಪೆಪ್ಟೈಡ್‌ನ ಹಂದಿಯ ರೂಪ 200ರಿಂದ 400 ದಿನ ಕಾಣಿಸಿತು. ಅವರಿಗೆ ಬೇಕಾದ ಇನ್ಸುಲಿನ್ ಪ್ರಮಾಣ ತಗ್ಗಲಿಲ್ಲ; ಆದರೂ ಹಂದಿಯ ಕೋಶ ಮನುಷ್ಯನೊಳಗೆ ಬದುಕಬಲ್ಲದೆಂಬುದಕ್ಕೆ ಇದು ಗಟ್ಟಿ ಸಾಕ್ಷ್ಯ.

ದೇಹ ಕಸಿಯನ್ನು ತಿರಸ್ಕರಿಸುವುದೇ ದೊಡ್ಡ ಅಡ್ಡಿ. ಅದನ್ನು ತಡೆಯಲು ನ್ಯೂಜಿಲೆಂಡಿನಲ್ಲಿ ಕಡಲಕಳೆಯ ಆಲ್ಜಿನೇಟ್ ಲೇಪಿಸಿದ ಮರಿಹಂದಿ ಕೋಶಗಳನ್ನು ಪ್ರಯೋಗಿಸಲಾಯಿತು. ಅದಕ್ಕೆ ಆರಿಸಿದ್ದು, ಬಹುಕಾಲ ಪ್ರತ್ಯೇಕವಾಗಿದ್ದು ಹಲವು ಸೋಂಕುಗಳಿಂದ ಮುಕ್ತವಾಗಿದ್ದ ಆಕ್ಲೆಂಡ್ ದ್ವೀಪಗಳ ಹಂದಿತಳಿ. ಸೋಂಕಿನ ಭಯಕ್ಕೆ ಇನ್ನೊಂದು ಕಾರಣವೂ ಇತ್ತು: ಹಂದಿಯ ವಂಶವಾಹಿಗಳಲ್ಲೇ ಬೆರೆತಿರುವ ರೆಟ್ರೊವೈರಸ್‌ಗಳು ಮನುಷ್ಯನ ಕೋಶಗಳಿಗೆ ಹರಡಬಲ್ಲವೆಂದು 1997ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂದಿತ್ತು. ಜೀನ್ ತಿದ್ದುಪಡಿಯಿಂದ ಅವನ್ನು ನಿಷ್ಕ್ರಿಯಗೊಳಿಸಿದ ಹಂದಿಗಳು 2017ರಲ್ಲಿ ಹುಟ್ಟಿದವು.